ತಾತುವಿನ ಎಡಮಗ್ಗುಲು

"ಈ ತೂತು ಯಾವಾಗ ಕೊರೆದದ್ದು?"

ಜುರಾಂದಿರ್ ಇದನ್ನು ನನ್ನನ್ನು ಕೇಳಲಿಲ್ಲ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಯುದ್ಧದ ಟ್ಯಾಂಕೊಂದರ ಗೇಣುದ್ದದ ಪ್ಲಾಸ್ಟಿಕ್ ಮಾದರಿಯ ಎಡಮಗ್ಗುಲಿನ ಮೇಲೆ ಬಗ್ಗಿ ಕೂತಿದ್ದವನು ತನ್ನಷ್ಟಕ್ಕೆ ಆಡಿದ ಮಾತು ಅದು. ಮೇಜಿನ ಈಚೆ ಬದಿಯಲ್ಲಿ ನಾನು ಬ್ರಷ್ಷು ತೊಳೆಯುತ್ತಿದ್ದೆ. ಸುಮ್ಮನಿದ್ದು ಕೇಳಿಸಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಚೆನ್ನಾಗಿ ಬರುತ್ತದೆ. ಆದರೆ ಆ ಶನಿವಾರ ಬೆಳಿಗ್ಗೆ, ಏಕೋ, ಬಾಯಿ ಬಿಟ್ಟೆ.

"ಆಗಸ್ಟ್‌ನಲ್ಲಿ. ಎರಡನೇ ವಾರ."

ಅವನು ತಲೆ ಎತ್ತಲಿಲ್ಲ. "ನಿಂಗೆ ಹೆಂಗೆ ಗೊತ್ತು?"

"ಅಸಲಿ ಗಾಡೀಲಿ ಆ ಮಗ್ಗುಲಿಗೆ ನಾನು ಎರಡು ಸಲ ಬಣ್ಣ ಹೊಡೆದೆ. ಒಂದು ಸಲ ಮಾರ್ಚ್‌ಗೆ ಮುಂಚೆ, ಒಂದು ಸಲ ಅವರು ಗ್ಯಾಸ್ ಕಟರ್ ಹಾಕಿ ಕೊರೆದ ಮೇಲೆ. ಅಂಚೆಲ್ಲ ಸುಟ್ಟು ಕಪ್ಪಾಗಿತ್ತು. ಮುಚ್ಚೋಕೆ ಹೇಳಿದ್ರು, ಮುಚ್ಚಿದೆ."

ಜುರಾಂದಿರ್ ಭೂತಗನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟ. ಅವನ ಹಣೆಯ ಮೇಲೆ ಪಟ್ಟಿಯ ಕೆಂಪು ಗುರುತು ಉಳಿದಿತ್ತು.

"ಇಪ್ಪತ್ತಾರು ವರ್ಷ, ಓದಿಲೋನ್."

"ನೀನು ಕೇಳ್ಲಿಲ್ಲ."

"ಕೇಳ್ಬೇಕಿತ್ತಾ ನಾನು?"

"ನೀನು ಸಹಿ ಹಾಕಿ ಬಂದಿದ್ದೆ. ಸಹಿ ಹಾಕಿದವನ ಹತ್ರ ಏನು ಹೇಳೋದು?"

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕಾಫಿ ಬಗ್ಗಿಸಿಕೊಂಡ, ಆರುವವರೆಗೆ ನೋಡಿದ, ಕುಡಿಯದೆ ಚೆಲ್ಲಿದ.

ತಾತು ಎಂದರೆ ಮೈಮೇಲೆ ಚಿಪ್ಪು ಹೊತ್ತು ನೆಲ ತೋಡುವ ಪ್ರಾಣಿ. ನಮ್ಮ ಕಾರ್ಖಾನೆಯ ಟ್ಯಾಂಕಿಗೆ ಕಾಗದದಲ್ಲಿ ಬೇರೆ ಏನೋ ಅಂಕಿ ಅಕ್ಷರಗಳ ಹೆಸರಿತ್ತು. ತಾತು ಎಂದು ಕರೆದವರು ನಾವು, ಕೆಲಸಗಾರರು. ಎಂಬತ್ತರ ದಶಕದಲ್ಲಿ ಸಾವ್ ಜೊಸೆ ಪಟ್ಟಣದ ಹೊರಗೆ ಅದನ್ನು ಕಟ್ಟುವಾಗ ಜುರಾಂದಿರ್ ವೆಲ್ಡಿಂಗಿನಲ್ಲಿದ್ದ, ನಾನು ಬಣ್ಣದ ಶೆಡ್ಡಿನಲ್ಲಿದ್ದೆ, ಅವನ ಅಕ್ಕ ಮರಿನಲ್ವಾಳ ಗಂಡ ನಿವಾಲ್ದೊ ಅದನ್ನು ಓಡಿಸಿ ಪರೀಕ್ಷೆ ಮಾಡುವವನಾಗಿದ್ದ. ಮೂವರೂ ಪರಾಯಿಬಾದ ಒಣಸೀಮೆಯಿಂದ ಒಂದೇ ಬಸ್ಸಿನಲ್ಲಿ ಮೂರು ದಿನ ಕೂತು ದಕ್ಷಿಣಕ್ಕೆ ಬಂದವರು. ನನ್ನ ಮಗಳ ಜ್ಞಾನಸ್ನಾನದಲ್ಲಿ ಅವಳ ಜ್ಞಾನತಂದೆಯಾಗಿ ನಿಂತವನು ಜುರಾಂದಿರ್. ಅಂದಿನಿಂದ ಆ ನಂಟಿನಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕುಂಪಾದ್ರೆ. ನಿವಾಲ್ದೊ ನಗಿಸುವವನು. ಊಟದ ಸಾಲಿನಲ್ಲಿ ತಟ್ಟೆ ಬಡಿಯುತ್ತಾ ಹಾಡುತ್ತಿದ್ದ:

ತಾತುವಿಗೆ ಚಿಪ್ಪುಂಟು, ನಮಗೇನುಂಟು?
ಸೋಮವಾರ ಬಂದರೆ ಬೆನ್ನಿಗೆ ಗಂಟು.

ಎಂಬತ್ತೈದರ ಮಾರ್ಚಿನಲ್ಲಿ ಮೊದಲ ತಾತು ಬ್ಯಾಂಡಿನ ಸದ್ದಿನೊಂದಿಗೆ ಶೆಡ್ಡಿನಿಂದ ಹೊರಬಂತು. ಸೆಪ್ಟೆಂಬರಿನಲ್ಲಿ, ಕಾರ್ಖಾನೆಯ ಹಿಂದಿನ ಕಡಿದಾದ ಪರೀಕ್ಷೆಯ ದಿಣ್ಣೆಯ ಮೇಲೆ, ಅದರ ಎಡಮಗ್ಗುಲಿನ ತಗಡು ಸೀಳಿತು. ಚಕ್ರದ ತೋಳು ಕಿತ್ತು ಬಂತು, ಗಾಡಿ ಮಗುಚಿ ಕೆಳಗಿನ ಹಳ್ಳಕ್ಕೆ ಬಿತ್ತು. ನಿವಾಲ್ದೊ ಒಳಗಿದ್ದ.

ಸೀಳು ಶುರುವಾದದ್ದು ಅಂಗೈಯಷ್ಟು ಅಗಲದ ಒಂದು ಚೌಕ ಕಿಂಡಿಯ ಮೂಲೆಯಿಂದ. ಒಳಗಿನ ಎಣ್ಣೆ ಕೊಳವೆಗೆ ಕೈ ಹೋಗಲೆಂದು ಮಾಡಿದ ಕಿಂಡಿ. ಆ ಕಿಂಡಿ ಜುರಾಂದಿರ್ ಹಾಕಿದ ಬೆಸುಗೆಯನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋಗಿತ್ತು. ವಿಚಾರಣೆಯಲ್ಲಿ ಇಂಜಿನಿಯರ್ ಪ್ರಾತೆಸ್ ಹೇಳಿದ್ದು ಹೀಗೆ: ಕಿಂಡಿ ಮೊದಲಿನಿಂದ ನಕ್ಷೆಯಲ್ಲೇ ಇತ್ತು, ಅದರ ಅಂಚಿಗೆ ಬಂದಾಗ ವೆಲ್ಡರ್ ಬೆಸುಗೆಯನ್ನು ಒಳಗೆ ಟೊಳ್ಳು ಬಿಟ್ಟಿದ್ದಾನೆ. ಜುರಾಂದಿರ್ ಬೆಸೆದಾಗ ಅಲ್ಲಿ ಕಿಂಡಿಯೇ ಇರಲಿಲ್ಲ. ಆಗಸ್ಟಿನಲ್ಲಿ ಅವನು ತಾಯಿಯನ್ನು ಮಣ್ಣು ಮಾಡಲು ಊರಿಗೆ ಹೋಗಿದ್ದ, ಬಂದು ನೋಡಿದರೆ ತೂತು; ಯಾವ ದಿನ ಕೊರೆದರೆಂದು ಯಾರೂ ಹೇಳಲಿಲ್ಲ. ಇದನ್ನು ಅವನು ವಿಚಾರಣೆಯಲ್ಲಿ ಹೇಳಲಿಲ್ಲ. ತಪ್ಪು ಒಪ್ಪಿಕೊಂಡು ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಎಂದರು. ಮೂರು ಮಕ್ಕಳು ಮನೆಯಲ್ಲಿದ್ದವು. ಸಹಿ ಹಾಕಿದ. ಕೆಲವು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ತಾತುವನ್ನು ಯಾವ ದೇಶವೂ ಕೊಳ್ಳಲಿಲ್ಲ.

ಮರಿನಲ್ವಾ ಅಂದಿನಿಂದ ತಮ್ಮನನ್ನು ಹೊಸಿಲು ದಾಟಲು ಬಿಟ್ಟಿಲ್ಲ. ಪ್ರತಿ ಸೆಪ್ಟೆಂಬರ್ ಗಂಡ ಸತ್ತ ದಿನ ಅವಳ ಮನೆಯಲ್ಲಿ ಜಪಸರ ನಡೆಯುತ್ತದೆ. ಮುಂದೆ ನಿಂತು ಸಂತರ ಹೆಸರು ಹೇಳುವವನು ನಾನು. ನೆರೆದವರು 'ನಮಗಾಗಿ ಪ್ರಾರ್ಥಿಸಿ' ಅನ್ನುತ್ತಾರೆ. ಜುರಾಂದಿರ್ ಎದುರಿನ ಬಸ್ ನಿಲ್ದಾಣದಲ್ಲಿ, ಯಾವ ಬಸ್ಸನ್ನೂ ಹತ್ತದೆ, ಮುಗಿಯುವವರೆಗೆ ನಿಂತಿರುತ್ತಾನೆ. ಕಿಟಕಿಯಿಂದ ಅವನ ಟೋಪಿ ಕಾಣುತ್ತದೆ. ಒಳಗೆ ಬಂದು ನಿವಾಲ್ದೊನಿಗಾಗಿ ಒಂದು ಸಲ ಜಪ ಹೇಳಬೇಕು ಎಂಬುದೊಂದೇ ಅವನ ಆಸೆ. ಬೇರೆ ಆಸೆಗಳೆಲ್ಲ ಕಾರ್ಖಾನೆಯ ಜೊತೆ ಹೋದವು.

ನಿವೃತ್ತಿಯ ಮೇಲೆ ನಾವಿಬ್ಬರೂ ಚಿಕ್ಕ ಗಾಡಿಗಳನ್ನು ಕಟ್ಟತೊಡಗಿದೆವು. ಅಸಲಿನ ಮೂವತ್ತೈದರಲ್ಲೊಂದು ಪಾಲಿನ ಅಳತೆ. ಟ್ರಕ್ಕು, ಜೀಪು, ಟ್ಯಾಂಕು. ವರ್ಷಕ್ಕೊಮ್ಮೆ ಇಂಥವನ್ನು ಕಟ್ಟುವವರ ಸಂಘದ ಪ್ರದರ್ಶನದಲ್ಲಿ ಇಡುತ್ತೇವೆ. ಕಟ್ಟುವುದು ಅವನದು, ಬಣ್ಣ ಮತ್ತು ಹಳತು ಮಾಡುವುದು ನನ್ನದು. ಹೊಸದಾಗಿ ಹೊಳೆಯುವ ಪ್ಲಾಸ್ಟಿಕ್ಕಿಗೆ ಮಳೆ, ಬಿಸಿಲು, ಧೂಳು ಕಂಡ ಮುಖ ಕೊಡುವುದು ನಿಧಾನದ ಕೆಲಸ. ಎಣ್ಣೆಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಸಂದುಗಳಿಗೆ ಬಿಟ್ಟರೆ ಕೊಳೆ ತಾನೇ ಕೂರುತ್ತದೆ. ಒದ್ದೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆದರೆ ಮಳೆ ಇಳಿದ ಗೆರೆ. ಮಣ್ಣನ್ನು ಹೆಂಡತಿಯ ಹಳೇ ಕಾಲುಚೀಲದಲ್ಲಿ ಜರಡಿ ಹಿಡಿಯುತ್ತೇನೆ.

ಜುರಾಂದಿರ್ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಕೂದಲಿನಷ್ಟು ಸಪೂರಕ್ಕೆ ಎಳೆಯುತ್ತಾನೆ. ಅದನ್ನು ಸಂದಿನ ಮೇಲಿಟ್ಟು, ಅಂಟು ತಾಗಿಸಿ ಮೆತ್ತಗೆ ಮಾಡಿ, ಬ್ಲೇಡಿನ ಬೆನ್ನಿನಿಂದ ಒತ್ತೊತ್ತಿ ಬೆಸುಗೆಯ ಅಲೆ ಮೂಡಿಸುತ್ತಾನೆ. ಅವನು ಎಡಚ. ಅವನ ಅಲೆಗಳು ಎಡಕ್ಕೆ ವಾಲುತ್ತವೆ, ಉಕ್ಕಿನಲ್ಲಿ ವಾಲುತ್ತಿದ್ದ ಹಾಗೆಯೇ. ಎಂಟು ವರ್ಷದಲ್ಲಿ ಹತ್ತಾರು ಗಾಡಿ ಕಟ್ಟಿದ್ದೆವು, ತಾತುವನ್ನು ಮುಟ್ಟಿರಲಿಲ್ಲ. ಆ ವರ್ಷ ಅವನೇ ಅದರ ಮೈಗೆ ಹಾಳೆ ಕತ್ತರಿಸಿಕೊಂಡು ಬಂದ. ಅಂಗಡಿಯಲ್ಲಿ ತಾತುವಿನ ಬಿಡಿಭಾಗಗಳ ಡಬ್ಬಿ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಎಲ್ಲವನ್ನೂ ಕೈಯಲ್ಲೇ ಮಾಡಬೇಕು.

ಕಾಫಿ ಚೆಲ್ಲಿದ ಮರು ಶನಿವಾರ ಅವನು ಟ್ಯಾಂಕಿನ ಎಡಮಗ್ಗುಲು ಮುಗಿಸಿ ನನ್ನ ಮುಂದಿಟ್ಟ. ಚೌಕ ಕಿಂಡಿ ಇತ್ತು. ಅದರ ಅಂಚಿಗೆ ಬಂದ ಬೆಸುಗೆ ಕಳ್ಳಕೆಲಸಗಾರ ಹಾಕಿದ ಹಾಗೆ ಟೊಳ್ಳಾಗಿ ನಿಂತಿತ್ತು. ಅವನ ಕೈಯಿಂದ ಅಂಥ ಬೆಸುಗೆ ನಾನು ಕಂಡದ್ದಿಲ್ಲ.

"ಪೀಠದ ಫಲಕಕ್ಕೆ ಏನು ಬರೀಲಿ?" ಅಂದೆ.

"ತಾತು, ಹೊರಗೆ ಬಂದ ದಿನ, ಮಾರ್ಚ್ ಎಂಬತ್ತೈದು."

"ಕುಂಪಾದ್ರೆ, ಮಾರ್ಚ್‌ನಲ್ಲಿ ಈ ತೂತು ಇರ್ಲಿಲ್ಲ."

"ವಿಚಾರಣೆ ಕಾಗದದಲ್ಲಿ ಇತ್ತು ಅಂತ ಬರೆದಿದೆ. ಸರ್ಕಾರದ ಮೊಹರು ಬಿದ್ದಿದೆ. ಅದಕ್ಕಿಂತ ನಿನ್ ಬಣ್ಣದ ಡಬ್ಬ ದೊಡ್ಡದಾ?"

"ಪ್ರದರ್ಶನಕ್ಕೆ ತೀರ್ಪುಗಾರ ಯಾರು ಗೊತ್ತಾ ಈ ಸಲ?"

"ಗೊತ್ತಿರೋದಕ್ಕೇ ಮಾಡಿದ್ದು," ಅಂದ. "ನಿಮ್ಮಪ್ಪ ಸಂತೇಲಿ ಏನು ಮಾಡ್ತಿದ್ದ, ನೆನಪಿಸ್ಕೋ."

ನೆನಪಿತ್ತು. ಅಪ್ಪ ಸಂತೆಯಲ್ಲಿ ನಿಂತು ಸಂತರ ಕಥೆಗಳನ್ನೂ ದರೋಡೆಕೋರರ ಕಥೆಗಳನ್ನೂ ಪದ್ಯದಲ್ಲಿ ಹೇಳಿ ಹೊತ್ತಗೆ ಮಾರುತ್ತಿದ್ದ. ಜನ ಚದುರುವ ಹೊತ್ತಿಗೆ ಬೇಕೆಂದೇ ಒಂದು ಹೆಸರು ತಪ್ಪಿಸುತ್ತಿದ್ದ. ಬಾಲಯೇಸುವನ್ನು ಈಜಿಪ್ತಿಗೆ ಹೊತ್ತ ಕತ್ತೆಯನ್ನು ಕುದುರೆ ಎಂದು ಹಾಡಿಬಿಡುತ್ತಿದ್ದ. ಗುಂಪಿನಲ್ಲಿ ಎಲ್ಲ ಬಲ್ಲವನೊಬ್ಬ ಇದ್ದೇ ಇರುತ್ತಾನೆ; ಅವನಿಗೆ ತಡೆಯಲಾಗುವುದಿಲ್ಲ. "ಕುದುರೆ ಅಲ್ಲಯ್ಯ, ಕತ್ತೆ!" ಎಂದು ಕೂಗುತ್ತಿದ್ದ. ಅಪ್ಪ ಕೈಮುಗಿದು, "ಬಲ್ಲವರು ನೀವು, ಮುಂದಕ್ಕೆ ಬನ್ನಿ ಸ್ವಾಮಿ, ಉಳಿದದ್ದನ್ನೂ ನೀವೇ ಹೇಳಿ" ಅನ್ನುತ್ತಿದ್ದ.

"ಪ್ರಾತೆಸ್ ಕೈಬರಹ ಬೇಕು ನಂಗೆ," ಅಂದ ಜುರಾಂದಿರ್. "ಪೇಂಟರ್ ಮಾತು ಅಕ್ಕ ನಂಬಲ್ಲ. ನನ್ ಮಾತಂತೂ ಕೇಳೋದೇ ಬೇಡ."

ನಾನು ನನ್ನ ಪಾಲಿನ ಕೆಲಸ ಮಾಡಿದೆ. ಹೊರಬಂದ ದಿನದ ಗಾಡಿಗೆ ಹೆಚ್ಚು ಕೊಳೆ ಸಲ್ಲದು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಗೋದಾಮುಗಳಿವೆ. ಬೇಲಿಯ ಬುಡದಿಂದ ಒಂದು ಹಿಡಿ ಕೆಂಪುಮಣ್ಣು ತಂದು, ಜರಡಿ ಹಿಡಿದು, ಚಕ್ರಗಳ ಕೆಳಗಿನರ್ಧಕ್ಕೆ ಮಾತ್ರ ಕೂರಿಸಿದೆ. ಆಮೇಲೆ ಮುಂಭಾಗದ ಒಂದು ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಸೀಸದ ಕಡ್ಡಿಯ ಪುಡಿ ಉಜ್ಜಿದೆ. ಬಣ್ಣ ಸವೆದು ಉಕ್ಕು ಹೊಳೆಯುವ ಹಾಗೆ ಕಂಡಿತು. ನಿವಾಲ್ದೊ ಗಾಡಿ ಹತ್ತುವಾಗ ಬಲಗಾಲು ಇಡುತ್ತಿದ್ದುದು ಅಲ್ಲಿ. ತಿಂಗಳುಗಟ್ಟಲೆ ಹತ್ತಿ ಇಳಿದು ಬ್ಯಾಂಡು ಬಾರಿಸುವ ಮೊದಲೇ ಆ ಜಾಗ ಸವೆಸಿದ್ದ. ನಾನು ಮತ್ತೆ ಮತ್ತೆ ಬಣ್ಣ ಹೊಡೆದು, "ಬೇರೆ ಕಡೆ ಕಾಲಿಡೋ ಮಾರಾಯ" ಎಂದು ಬೈಯುತ್ತಿದ್ದೆ.

ಆಗಸ್ಟ್ ಕೊನೆಯ ಭಾನುವಾರ ಚರ್ಚಿನ ಸಭಾಂಗಣದಲ್ಲಿ ಪ್ರದರ್ಶನ. ನಮ್ಮ ಸಂಘದಲ್ಲಿ ಒಂದು ಕಟ್ಟಳೆ ಇದೆ: ತೀರ್ಪುಗಾರ ಕಳೆದ ಒಂದೊಂದು ಅಂಕಕ್ಕೂ ಕಾರಣ ಬರೆದು ಸಹಿ ಹಾಕಬೇಕು, ಆ ಹಾಳೆ ಗಾಡಿ ಕಟ್ಟಿದವನಿಗೆ ಸೇರಬೇಕು. ಜಗಳ ತಪ್ಪಲೆಂದು ಮಾಡಿದ್ದು. ಜಗಳವೇನೂ ತಪ್ಪಿಲ್ಲ.

ಪ್ರಾತೆಸ್ ಬಂದ. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಅಂಗಿ, ಜೇಬಿನಲ್ಲಿ ಟಾರ್ಚು. ನಮ್ಮ ಕಾರ್ಖಾನೆಯ ಗಾಡಿಗಳ ಬಗ್ಗೆ ದಪ್ಪ ಪುಸ್ತಕ ಬರೆದಿದ್ದಾನೆ; ಗಾಡಿ ಕಟ್ಟುವ ಹುಡುಗರು ಅದನ್ನು ಬೈಬಲ್ಲಿನಂತೆ ಕಂಕುಳಲ್ಲಿಟ್ಟುಕೊಂಡು ತಿರುಗುತ್ತಾರೆ. ತಾತುವಿನ ಮುಂದೆ ಬಂದವನು ಮೊದಲು ಮೆಚ್ಚಿ ತಲೆಯಾಡಿಸಿದ. ಆಮೇಲೆ ಎಡಮಗ್ಗುಲಿಗೆ ಟಾರ್ಚು ಬಿಟ್ಟ. ಅವನ ತುಟಿ ಬಿಗಿಯಾಯಿತು. ನಾನು ಜೇಬಿನಲ್ಲಿ ಜಪಮಣಿ ಹಿಡಿದುಕೊಂಡು ನಿಂತಿದ್ದೆ. ಯಾವ ಮಣಿಯಲ್ಲಿದ್ದೆ ಎಂಬುದು ತಪ್ಪಿಹೋಯಿತು.

ಬರೆದ. ನಿಧಾನವಾಗಿ, ಶಾಲೆಯ ಮೇಷ್ಟರ ಹಾಗೆ ದುಂಡಗೆ ಬರೆದ: 'ಎಡಮಗ್ಗುಲು. ಗಾಡಿ ಹೊರಬಂದ ಮಾರ್ಚ್ ತಿಂಗಳಲ್ಲಿ ಈ ಕಿಂಡಿ ಇರಲಿಲ್ಲ. ಬೆಸುಗೆ ತುದಿಯಿಂದ ತುದಿಗೆ ಇಡಿಯಾಗಿತ್ತು, ದೋಷವಿರಲಿಲ್ಲ. ಕಿಂಡಿಯನ್ನು ನನ್ನ ಸೂಚನೆಯಂತೆ ಆಗಸ್ಟಿನಲ್ಲಿ ಕೊರೆಯಲಾಯಿತು. ಐದು ಅಂಕ ಕಡಿತ.' ಕೆಳಗೆ ಸಹಿ.

ಜುರಾಂದಿರ್ ಹಾಳೆ ತೆಗೆದುಕೊಂಡು ಓದಿದ. "ಸಾರ್, ಆಗಸ್ಟ್ ಅನ್ನೋದು ಖಾತ್ರಿನಾ?"

"ಖಾತ್ರಿ ಕಣಯ್ಯ. ಚಾಕ್‌ಪೀಸಲ್ಲಿ ಗುರುತು ಹಾಕಿ ಕೊಟ್ಟೋನೇ ನಾನು. ನೀವುಗಳು ಇಂಟರ್ನೆಟ್ ನೋಡ್ಕೊಂಡು ಮಾಡ್ತೀರ, ಇಂಥಾ ತಪ್ಪಾಗುತ್ತೆ."

"ನಾನು ಅಲ್ಲೇ ಕೆಲಸ ಮಾಡ್ತಿದ್ದೆ ಸಾರ್."

"ಹೌದಾ? ಯಾವ ಸೆಕ್ಷನ್ನು?"

"ವೆಲ್ಡಿಂಗ್."

"ವೆಲ್ಡಿಂಗ್‌ನವರು ಒಳ್ಳೇ ಜನ," ಅಂದ ಪ್ರಾತೆಸ್. ಜುರಾಂದಿರನ ಭುಜ ತಟ್ಟಿದ. "ನೋಡು, ನೀನು ಅಲ್ಲೇ ಇದ್ದೋನು, ನಿಂಗೇ ಮರ್ತುಹೋಗಿದೆ. ವಯಸ್ಸಾಯ್ತು ನಮಗೆಲ್ಲ." ಟಾರ್ಚು ಆರಿಸಿ ಪಕ್ಕದ ಮೇಜಿನ ಜೀಪಿನ ಕಡೆ ಹೋದ.

ಅವನಿಗೆ ಮುಖ ನೆನಪಿರಲಿಲ್ಲ. ಹೆಸರು ಎದೆಯ ಮೇಲೆ ಚೀಟಿಯಲ್ಲಿ ಬರೆದಿತ್ತು, ಅದೂ ನೆನಪಾಗಲಿಲ್ಲ. ವಿಚಾರಣೆಯಲ್ಲಿ ತಾನು ಆಡಿದ ಮಾತೂ ನೆನಪಿರಲಿಕ್ಕಿಲ್ಲ. ಸುಳ್ಳು ಹೇಳಿದವನು ಬೆವರುತ್ತಾನೆ ಎಂದು ಅಪ್ಪನ ಪದ್ಯಗಳಲ್ಲಿ ಕೇಳಿದ್ದೆ. ಈತನ ಕಾಲರು ಒಣಗಿತ್ತು.

ನಮಗೆ ಮೂರನೇ ಬಹುಮಾನ ಬಂತು. ಆ ಐದು ಅಂಕ ಹೋಗದಿದ್ದರೆ ಮೊದಲನೆಯದು ಎಂದು ಸಂಘದ ಕಾರ್ಯದರ್ಶಿ ಬಹಳ ನೊಂದುಕೊಂಡ.

ಎರಡು ವಾರ ಕಳೆದು ನಿವಾಲ್ದೊನ ದಿನ ಬಂತು. ಜಪಸರ ಮುಗಿದು, ಜನ ಜೋಳದ ಹಿಟ್ಟಿನ ಕೇಕು ತಿಂದು ಕಾಫಿ ಕುಡಿದು ಹೋದ ಮೇಲೆ ನಾನು ಮರಿನಲ್ವಾಳಿಗೆ ಹೇಳಿದೆ: "ಅಕ್ಕ, ಜುರಾಂದಿರ್ ಬಾಗಿಲ ಹತ್ರ ಇದಾನೆ. ನಿಮಗೆ ಏನೋ ತೋರಿಸ್ಬೇಕಂತೆ."

"ಅವನು ಇರೋ ಜಾಗ ಬಸ್ ಸ್ಟಾಪು."

"ಎರಡು ನಿಮಿಷ ಅಕ್ಕ."

ಅವಳು ಬಾಗಿಲಿಗೆ ಬಂದಳು, ಅರುವತ್ತೇಳರ ಹೆಂಗಸು, ಕೈಯಲ್ಲಿ ಒರೆಸುವ ಬಟ್ಟೆ. ಜುರಾಂದಿರ್ ಮೆಟ್ಟಿಲ ಕೆಳಗೆ ನಿಂತಿದ್ದ. ಒಂದು ಕೈಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ತಾತು, ಇನ್ನೊಂದರಲ್ಲಿ ಹಾಳೆ. ಹಾಳೆ ಕೊಟ್ಟ. ಅವಳು ಕನ್ನಡಕ ಏರಿಸಿ ಓದಿದಳು. ಎರಡು ಸಲ ಓದಿದಳು.

"ಅಂದ್ರೆ ಆ ಮನುಷ್ಯ ಸುಳ್ಳು ಹೇಳಿದ."

"ಹೌದಕ್ಕ."

"ನಿನ್ ಬೆಸುಗೆ ಸರಿ ಇತ್ತು."

"ಸರಿ ಇತ್ತು."

"ನಿಂಗೆ ಯಾವಾಗ ಗೊತ್ತಾಯ್ತು ಇದು?"

ಜುರಾಂದಿರ್ ಟೋಪಿ ತೆಗೆದ.

"ಕೇಳ್ತಿರೋದು ನಿನ್ನೇ. ಈ ಹಾಳೆ ಕೈಗೆ ಬಂದಾಗ ಗೊತ್ತಾಯ್ತಾ? ಇಲ್ಲ, ನಾನು ಅವರ ಶವಪೆಟ್ಟಿಗೆ ಪಕ್ಕ ಕೂತಿದ್ದಾಗ್ಲೇ ಗೊತ್ತಿತ್ತಾ?"

"ಆಗ್ಲೇ ಗೊತ್ತಿತ್ತು."

"ಗೊತ್ತಿದ್ದೂ ಸಹಿ ಹಾಕ್ದೆ."

"ಮಕ್ಕಳು ಚಿಕ್ಕೋರಿದ್ರು ಅಕ್ಕ."

"ನನ್ ಮಕ್ಕಳು ದೊಡ್ಡೋರಿದ್ರಾ?" ದನಿ ಏರಿಸಲಿಲ್ಲ ಅವಳು. "ನೀನು ಕೆಲಸ ಕೆಡಿಸ್ದೆ ಅಂದ್ಕೊಂಡಿದ್ದೆ ನಾನು. ಕೈ ತಪ್ಪುತ್ತೆ, ಮನುಷ್ಯ. ಆಗೆಲ್ಲ ಒಂದೊಂದು ವರ್ಷ ಅನ್ನಿಸ್ತಿತ್ತು, ಕರ್ದುಬಿಡ್ಲಾ, ಮಳೇಲಿ ನಿಂತಿದಾನೆ, ಅಮ್ಮ ಇದ್ದಿದ್ರೆ ಬೈತಿದ್ಲು ಅಂತ. ಈಗ ನೀನೇ ಬಂದು ಹೇಳ್ತಿದೀಯ, ಕೈ ತಪ್ಲಿಲ್ಲ, ಕೈ ಚೆನ್ನಾಗೇ ಇತ್ತು, ಆ ಕೈಯಲ್ಲೇ ಸಹಿ ಹಾಕ್ದೆ ಅಂತ."

ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನೋ ಬಣ್ಣ ಹೊಡೀತಿದ್ದೋನು. ನಿಂಗೂ ಗೊತ್ತಿತ್ತಾ?"

ಅವಳ ಮನೆಯಲ್ಲಿ ಇಪ್ಪತ್ತೈದು ವರ್ಷ ನಿಂತು ಸಂತರನ್ನು ಹೆಸರು ಹಿಡಿದು ಕರೆದ ಬಾಯಿ ನನ್ನದು. ಹೌದೆಂದು ತಲೆ ಆಡಿಸಿದೆ.

"ನೀನು ಚೆನ್ನಾಗಿ ಕೇಳಿಸ್ಕೋತೀಯ, ಓದಿಲೋನ್," ಅಂದಳು. "ಎಲ್ಲರೂ ಹಂಗೇ ಹೇಳ್ತಾರೆ. ನಾನು ಅಳೋದನ್ನೂ ಚೆನ್ನಾಗೇ ಕೇಳಿಸ್ಕೊಂಡೆ."

ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟಿತು. ಅವಳ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ ಬಿತ್ತು. ಕಾರ್ಖಾನೆಯೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ, ಫೋಟೋ ಹೊರಗೆ ತರುವ ಹಾಗಿರಲಿಲ್ಲ. ತಾತುವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

"ಇದೇನಾ ಅದು?"

"ಇದೇ."

"ಇಷ್ಟು ದೊಡ್ಡ ಫಿರಂಗಿ ಇತ್ತಾ? ಅವರು ಟ್ರ್ಯಾಕ್ಟರ್ ಥರ ಅಂತಿದ್ರು." ಬಗ್ಗಿ ನೋಡಿದಳು. "ಎಲ್ಲಿ ಕೂತ್ಕೋತಿದ್ರು?"

ಜುರಾಂದಿರ್ ಗಾಜು ಎತ್ತಿ ಮುಂದಿನ ದುಂಡು ಮುಚ್ಚಳ ತೋರಿಸಿದ. ಅವಳು ಬೆರಳು ಚಾಚಿ ಮುಟ್ಟಿದಳು. ಬೆರಳು ಅಲ್ಲಿಂದ ಅಂಚಿಗೆ ಜಾರಿ ನಿಂತಿತು.

"ಇಲ್ಲಿ ಏನೋ ಹೊಳೀತಿದೆ. ಬಣ್ಣ ಹೋಗಿದೆಯಲ್ಲ."

"ನಿವಾಲ್ದೊ ಕಾಲಿಡ್ತಿದ್ದ ಜಾಗ," ಅಂದೆ. ಅದೊಂದು ಮಾತು ಹೊರಟಿತು. "ಬಲಗಾಲು. ದಿನಾ ಅಲ್ಲೇ ಇಡ್ತಿದ್ದ."

ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ತಾತುವನ್ನು ಎತ್ತಿಕೊಂಡು ಒಳಗೆ ಹೋದಳು. ಗೋಡೆಯ ಗೂಡಿನಲ್ಲಿ ಮಾತೆಯ ಪ್ರತಿಮೆಯ ಪಕ್ಕ, ಗಂಡನ ಫೋಟೋದ ಮುಂದೆ ಇಡುವುದು ಬಾಗಿಲಿಂದ ಕಂಡಿತು. ಎಡಮಗ್ಗುಲು ಗೋಡೆಗೆ ಬರುವ ಹಾಗೆ ತಿರುಗಿಸಿಟ್ಟಳು. ಬಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮನ ಅಂಗಿ ಜೇಬಿಗೆ ತುರುಕಿದಳು.

"ಇದು ನಂಗೆ ಬೇಡ. ನೀನೇ ಇಟ್ಕೋ."

ಜುರಾಂದಿರ್ ಒಂದು ಮೆಟ್ಟಿಲು ಹತ್ತಿದ. ಎರಡನೆಯದಕ್ಕೆ ಕಾಲಿಡಲಿಲ್ಲ.

"ಅಕ್ಕ, ಬರೋ ವರ್ಷ ಒಳಗೆ ಬರ್ಲಾ? ಒಂದೇ ಒಂದು ಜಪಸರ ಹೇಳಿ ಹೋಗ್ತೀನಿ. ಮೂಲೇಲಿ ನಿಂತಿರ್ತೀನಿ. ಯಾರನ್ನೂ ಮಾತಾಡ್ಸಲ್ಲ."

ಮರಿನಲ್ವಾ ಬಾಗಿಲ ಚಿಲಕದ ಮೇಲೆ ಕೈ ಇಟ್ಟಳು.

"ಬೇಡ," ಅಂದಳು. "ಬರಬೇಡ."